ಮರಳುಗಾಡಿನ ತೀರದಲ್ಲಿ ಒಂಟಿ ದೋಣಿ

ಹಿರೇಹಳ್ಳಿಯವನೊಬ್ಬ ಕಡಲಿನ ಮಾತೆತ್ತಿದರೆ ನಿಮಗೆ ನಗು ಬರುವುದು ಸಹಜ. ನಮ್ಮೂರು ಇರುವುದು ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೂ ಇಲ್ಲಿಂದ ಮಂಗಳೂರಿನ ಕಡಲು ಇನ್ನೂರೈವತ್ತು ಕಿಲೋಮೀಟರ್ ದೂರ. ನಾವು ಕಂಡ ದೊಡ್ಡ ನೀರೆಂದರೆ ಕೆರೆಯ ನೀರು. ಅದೂ ಮಳೆ ಬಂದ ವರ್ಷ. ಹಾಗೆಂದು ಕಡಲಿಗೂ ನಮಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ನಮ್ಮೂರಿನ ಉತ್ತರಕ್ಕಿರುವ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಕಟ್ಟೆಯನ್ನು ಹಾದು, ಕಾವೇರಿಯನ್ನು ಸೇರಿ, ಪೂರ್ವದ ಕಡಲಿಗೆ ಹೋಗುತ್ತದೆ. ಮುಂಗಾರಿನ ಮೋಡ ನಮಗೆ ಬರುವುದೋ, ಪಶ್ಚಿಮದ ಕಡಲಿನಿಂದ. ಒಂದು ಕಡಲಿನಲ್ಲಿ ಸಾಲ ತಂದು ಇನ್ನೊಂದು ಕಡಲಿಗೆ ತೀರಿಸುವ ಸಂಸಾರ ನಮ್ಮದು. ಆದ್ದರಿಂದ ಕಡಲಿನ ವಿಷಯವಾಗಿ ನಾಲ್ಕು ಮಾತನಾಡುವ ಹಕ್ಕು ನನಗೂ ಉಂಟೆಂದು ಭಾವಿಸಿದ್ದೇನೆ.

ಈ ಮಾತು ಹುಟ್ಟಿದ್ದು ಹೀಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ತಾಯಿಯ ಸಂಗಡ ಮನೆಗೆ ಬಂದ. ಏಳೆಂಟು ವರ್ಷ ದುಡಿದ ಕಾರ್ಖಾನೆ ಬಾಗಿಲು ಹಾಕಿತ್ತು. ಕೊಲ್ಲಿಯ ದೇಶದಲ್ಲಿ ಕೆಲಸವಿದೆ, ಹೋಗಲೇ ಬೇಡವೇ ಎಂಬುದು ಅವನ ಪ್ರಶ್ನೆ. "ಮೇಷ್ಟ್ರೇ, ಒಂದು ಕಡೆ ಮರಳು, ಇನ್ನೊಂದು ಕಡೆ ಉಪ್ಪುನೀರು, ಮಧ್ಯೆ ನಾನೊಬ್ಬನೇ. ನೀವೇನು ಹೇಳ್ತೀರಿ?" ಎಂದ. ತಾಯಿ ಮಾತಾಡಲಿಲ್ಲ, ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕುಳಿತಿದ್ದಳು. ಹೋಗು ಎನ್ನಲು ನಾನು ಯಾರು? ಬೇಡ ಎನ್ನಲು ನನ್ನ ಬಳಿ ಕೊಡುವುದಕ್ಕೆ ಕೆಲಸವೆಲ್ಲಿದೆ? ಉಪದೇಶ ತೋಚದಿದ್ದಾಗ ಮೇಷ್ಟರಿಗೆ ಇರುವ ದಾರಿ ಒಂದೇ, ಕಥೆ ಹೇಳುವುದು. ಅಂದು ಅವರಿಬ್ಬರಿಗೆ ಹೇಳಿದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ. ಇದು ಕಟ್ಟುಕಥೆಯಲ್ಲ, ನಡೆದದ್ದು.

ಮೊದಲು ದೋಣಿಯ ಪರಿಚಯವಾಗಲಿ. ನಮ್ಮ ಹರಿಗೋಲು ನಿಮಗೆ ಗೊತ್ತು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದರೆ ಹರಿಗೋಲು. ಈಗ ತೊಗಲಿನ ಸ್ಥಾನಕ್ಕೆ ಡಾಂಬರು ಬಳಿದ ಬಟ್ಟೆಯೂ ಪ್ಲಾಸ್ಟಿಕ್ ಹಾಳೆಯೂ ಬಂದಿವೆ. ವಿಜಯನಗರವನ್ನು ಹದಿನಾರನೆಯ ಶತಮಾನದಲ್ಲಿ ಕಂಡ ಪೋರ್ಚುಗೀಸ್ ಯಾತ್ರಿಕ ಪಾಯಸ್ ಈ ದುಂಡು ದೋಣಿಗಳನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಹಂದರ, ಹೊರಗೆ ಚರ್ಮ. ಇದೇ ಅದರ ಗುಟ್ಟು. ಭೂಮಿಯ ಉತ್ತರ ತುದಿಯ ಹಿಮಪ್ರದೇಶದ ಬೇಟೆಗಾರರೂ ಇದೇ ಗುಟ್ಟನ್ನು ಕಂಡುಕೊಂಡರು. ತೇಲಿ ಬಂದ ಮರದ ತುಂಡುಗಳಿಂದಲೂ ಮೂಳೆಯಿಂದಲೂ ಹಂದರ ಕಟ್ಟಿ, ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಹೊದಿಸಿದರು. ಆದರೆ ಅವರದು ದುಂಡಗಿಲ್ಲ; ಬಾಳೆಯ ಹೂವಿನ ಎಸಳಿನಂತೆ ನೀಳ, ಎರಡು ತುದಿಯೂ ಚೂಪು. ಮೇಲ್ಭಾಗವೂ ಮುಚ್ಚಿರುತ್ತದೆ, ನಡುವೆ ಒಬ್ಬ ಸೊಂಟದವರೆಗೆ ಇಳಿದು ಕೂರುವಷ್ಟು ಕಂಡಿ. ಎರಡು ತುದಿಗೂ ಹಲಗೆಯುಳ್ಳ ಒಂದೇ ಹುಟ್ಟನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಹೋಗುವುದು. ಇದಕ್ಕೆ ಕಯಾಕ್ ಎಂದು ಹೆಸರು.

1905ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹೌರಿಶ್ ಎಂಬ ವಿದ್ಯಾರ್ಥಿ ಈ ಕಯಾಕನ್ನು ಬಿಚ್ಚಿ ಮಡಿಸಿ ಚೀಲಕ್ಕೆ ತುಂಬುವಂತೆ ಮಾಡಿದ. ಚರ್ಮದ ಬದಲು ಬಟ್ಟೆ, ಒಳಗೆ ಸಣ್ಣ ಕೋಲುಗಳು. ರೈಲಿನಲ್ಲಿ ಹೊತ್ತೊಯ್ದು ನದಿಯ ದಂಡೆಯಲ್ಲಿ ಜೋಡಿಸಿಕೊಂಡರಾಯಿತು. ರಜೆಯ ದಿನಗಳಲ್ಲಿ ಹೊಳೆಯ ಮೇಲೆ ವಿಹರಿಸುವವರ ದೋಣಿ ಅದು. ಅದರಲ್ಲಿ ಕಡಲಿಗೆ ಇಳಿಯಬಹುದೆಂದು ಬುದ್ಧಿಯುಳ್ಳವರಾರೂ ಹೇಳಿರಲಿಲ್ಲ.

ಹಾಗೆ ಇಳಿದವನ ಹೆಸರು ಆಸ್ಕರ್ ಸ್ಪೆಕ್. ಹುಟ್ಟಿದ್ದು 1907ರಲ್ಲಿ, ಹ್ಯಾಂಬರ್ಗಿನ ಕಡೆಯವನು, ವಿದ್ಯುತ್ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದ. ಜಗತ್ತಿನ ವ್ಯಾಪಾರವೆಲ್ಲ ಕುಸಿದು ಜರ್ಮನಿಯಲ್ಲಿ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡ ಕಾಲ ಅದು. ಇವನ ಕೈಕೆಲಸವೂ ನಿಂತಿತು. ಸೈಪ್ರಸ್ ದ್ವೀಪದ ತಾಮ್ರದ ಗಣಿಯಲ್ಲಿ ಕೆಲಸ ಸಿಗಬಹುದೆಂದು ಕೇಳಿ, 1932ರ ಮೇ ತಿಂಗಳಲ್ಲಿ ಉಲ್ಮ್ ಎಂಬ ಊರಿನ ಬಳಿ ಡ್ಯಾನ್ಯೂಬ್ ನದಿಗೆ ತನ್ನ ಮಡಿಸುವ ದೋಣಿಯನ್ನು ಇಳಿಸಿದ. ಎರಡಾಳಿನ ದೋಣಿ, ಉದ್ದ ಸುಮಾರು ಐದೂವರೆ ಮೀಟರ್, ಇನ್ನೊಬ್ಬ ಕೂರಬೇಕಾದ ಜಾಗದಲ್ಲಿ ಸಾಮಾನು. ಒಂದು ಪುಟ್ಟ ಹಾಯಿ, ಕಾಲಿನಿಂದ ತಿರುಗಿಸುವ ಚುಕ್ಕಾಣಿ. ದೋಣಿಗೆ ಅವನ ಸೀಮೆಯ ಮಾತಿನಲ್ಲಿ 'ಬಿಸಿಲು' ಎಂಬರ್ಥದ ಹೆಸರನ್ನಿಟ್ಟಿದ್ದ. ಚಳಿಯ ದೇಶದವರಿಗೆ ಬಿಸಿಲೆಂದರೆ ಪ್ರೀತಿ. ಮುಂದೆ ಎಂಥ ಬಿಸಿಲು ಕಾದಿದೆಯೆಂಬುದು ಆಗ ಅವನಿಗೆ ತಿಳಿದಿರಲಿಲ್ಲ.

ಡ್ಯಾನ್ಯೂಬ್ ಬಿಟ್ಟು ವರ್ದಾರ್ ನದಿಯನ್ನು ಹಿಡಿದು ಗ್ರೀಸಿನ ಕಡಲಿಗೆ ಬಂದ. ದ್ವೀಪದಿಂದ ದ್ವೀಪಕ್ಕೆ ದಾಟುತ್ತ ತುರ್ಕಿಯ ದಡದ ಗುಂಟ ಸೈಪ್ರಸ್ ಮುಟ್ಟಿದ. ಅಷ್ಟರಲ್ಲಿ ಗಣಿಯ ಕೆಲಸದ ಆಸೆ ಹೋಗಿ ಹುಟ್ಟಿನ ಮೇಲೆ ಮನಸ್ಸು ನಿಂತಿತ್ತು. ಆಸ್ಟ್ರೇಲಿಯಕ್ಕೇ ಹೋದರೇನು ಎಂದುಕೊಂಡ. ಸಿರಿಯಾ ದೇಶದ ದಡದಲ್ಲಿ ಇಳಿದು, ದೋಣಿಯನ್ನು ಮಡಿಸಿ ಬಸ್ಸಿಗೆ ಹಾಕಿ, ಯೂಫ್ರೆಟಿಸ್ ನದಿಯವರೆಗೆ ಕೊಂಡುಹೋದ. ನದಿಯ ಮೇಲೆ ಮತ್ತೆ ಪ್ರಯಾಣ.

ಇಲ್ಲಿ ಒಂದು ಮಾತು. ಇರಾಕಿನ ಆ ನದಿಗಳಲ್ಲಿ ನಮ್ಮ ಹರಿಗೋಲಿನ ಅಣ್ಣತಮ್ಮಂದಿರೇ ಇದ್ದರು. ಗುಫ್ಫ ಎಂದು ಹೆಸರು. ದುಂಡನೆಯ ಬುಟ್ಟಿಗೆ ನೆಲದಲ್ಲಿ ಸಿಗುವ ಡಾಂಬರನ್ನು ಬಳಿದದ್ದು. ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಈ ಕಡೆಯ ದುಂಡು ತೊಗಲುದೋಣಿಗಳ ಸಂಗತಿಯನ್ನು ಬರೆದಿದ್ದಾನೆ. ವ್ಯಾಪಾರಿಗಳು ಸರಕಿನ ಜೊತೆಗೆ ಒಂದು ಕತ್ತೆಯನ್ನೂ ದೋಣಿಯಲ್ಲಿ ಕೂರಿಸಿಕೊಂಡು ಬಾಬಿಲೋನಿಗೆ ತೇಲಿಬಂದು, ಸರಕನ್ನೂ ದೋಣಿಯ ಹಂದರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಹೋಗುತ್ತಿದ್ದರಂತೆ. ಮಡಿಸುವ ದೋಣಿಯ ಯುಕ್ತಿ ಜರ್ಮನಿಗಿಂತ ಎಷ್ಟು ಹಳೆಯದು ನೋಡಿ!

ನದಿ ಮುಗಿದು ಪರ್ಷಿಯಾ ಕೊಲ್ಲಿ ಬಂತು. ನಾನು ಹೇಳಬೇಕೆಂದಿರುವ ಮರಳುಗಾಡಿನ ತೀರ ಮೊದಲಾಗುವುದು ಇಲ್ಲಿ. ಈಗಿನ ಇರಾನಿನ ದಕ್ಷಿಣದ ದಡ, ಅದರಾಚೆಗೆ ಮಕ್ರಾನ್, ಬಲೂಚಿಸ್ತಾನ. ಕರಾಚಿಯವರೆಗೂ ಇದೇ ಒಣ ನೆಲ. ಹಿಂಗ್ಲಾಜ್ ದೇವಿಯ ಯಾತ್ರೆಯ ಹೆಸರನ್ನು ನೀವು ಕೇಳಿರಬಹುದು. ಆ ಗುಹೆ ಇರುವುದು ಇದೇ ಮಕ್ರಾನಿನ ಬೋಳು ಬೆಟ್ಟಗಳ ನಡುವೆ. ಆಶ್ಚರ್ಯವೆಂದರೆ, ಮಕ್ರಾನಿನ ದಡಕ್ಕೆ ಬಡಿಯುವ ಕಡಲೂ ನಮ್ಮ ಕಾರವಾರಕ್ಕೆ ಬಡಿಯುವ ಕಡಲೂ ಒಂದೇ, ಅರಬ್ಬಿ ಸಮುದ್ರ. ನಮ್ಮ ಕಡೆ ನೀರು ಹೊತ್ತ ಗಾಳಿಯನ್ನು ಸಹ್ಯಾದ್ರಿ ತಡೆದು ಮೇಲಕ್ಕೆತ್ತುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಲ್ಲಿಯೋ, ಮುಂಗಾರು ದೂರದಲ್ಲೇ ಹಾದುಹೋಗುತ್ತದೆ; ಆಕಾಶದ ಮೇಲಿನಿಂದ ಇಳಿಯುವ ಒಣ ಗಾಳಿ ಮೋಡ ಕಟ್ಟಗೊಡುವುದಿಲ್ಲ. ಒಂದೇ ತಾಯಿಯ ಎರಡು ಮಕ್ಕಳಲ್ಲಿ ಒಬ್ಬನಿಗೆ ಊಟ, ಒಬ್ಬನಿಗೆ ಉಪವಾಸ.

ಕ್ರಿಸ್ತಪೂರ್ವ 325ರಲ್ಲಿ ಅಲೆಕ್ಸಾಂಡರನು ಭಾರತದಿಂದ ಹಿಂದಿರುಗುವಾಗ ಸೈನ್ಯವನ್ನು ನಡೆಸಿದ್ದು ಈ ಸೀಮೆಯ ಮೇಲೆಯೇ. ಯುದ್ಧದಲ್ಲಿ ಬದುಕಿದವರು ಬಾಯಾರಿಕೆಯಲ್ಲಿ ಸತ್ತರು. ಅವನ ನೌಕಾಪತಿ ನಿಯಾರ್ಕಸ್ ಹಡಗುಗಳೊಡನೆ ಕಡಲಿನಲ್ಲಿ ಬಂದ. ಹೊರಡುವ ಮೊದಲು ಗಾಳಿ ತಿರುಗಲೆಂದು ದಿನಗಟ್ಟಲೆ ಕಾದು ಕುಳಿತ. ದಾರಿಯುದ್ದಕ್ಕೂ ಅವನ ಚಿಂತೆ ಒಂದೇ: ಸಂಜೆ ಇಳಿಯುವ ಕಡೆ ನೀರಿದೆಯೇ? ಆ ದಡದ ಜನ ಮೀನನ್ನೇ ಒಣಗಿಸಿ ಪುಡಿ ಮಾಡಿ ತಿನ್ನುತ್ತಿದ್ದರು, ದನಕುರಿಗೂ ಮೀನನ್ನೇ ಹಾಕುತ್ತಿದ್ದರು ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ನಿಯಾರ್ಕಸನ ಹಿಂದೆ ಹಡಗುಗಳ ಸಾಲೇ ಇತ್ತು. ಸ್ಪೆಕ್ ಅದೇ ದಡದ ಗುಂಟ ಎದುರು ದಿಕ್ಕಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ಒಬ್ಬನೇ ಬಂದ.

ಅಂಥ ತೀರದಲ್ಲಿ ಒಂಟಿ ದೋಣಿಯವನ ಲೆಕ್ಕಾಚಾರ ಹೇಗಿರುತ್ತದೆ, ಸ್ವಲ್ಪ ಯೋಚಿಸಿ. ಬಿಸಿಲಿನಲ್ಲಿ ಹುಟ್ಟು ಹಾಕುವವನಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರಾದರೂ ಬೇಕು. ನಾಲ್ಕು ದಿನಕ್ಕೆ ಇಪ್ಪತ್ತು ಲೀಟರ್; ಎಂದರೆ ಇಪ್ಪತ್ತು ಕಿಲೋ ಭಾರ. ಹೆಚ್ಚು ತುಂಬಿದರೆ ದೋಣಿ ತಗ್ಗಿ ಅಲೆ ಒಳಕ್ಕೆ ನುಗ್ಗುತ್ತದೆ. ಕಡಮೆ ತುಂಬಿದರೆ ಗಂಟಲು ಒಣಗುತ್ತದೆ. ಸುತ್ತ ನೀರೋ ನೀರು, ಕುಡಿಯುವುದಕ್ಕೆ ಹನಿಯಿಲ್ಲ. ಕಡಲಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಕುಡಿದರೆ ಆ ಉಪ್ಪನ್ನು ಹೊರಹಾಕಲು ದೇಹಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ಕುಡಿದಷ್ಟೂ ದಾಹ ಹೆಚ್ಚು. ಬಡ್ಡಿಯ ಸಾಲದ ಹಾಗೆ.

ದಡಕ್ಕೆ ಇಳಿಯುವುದೂ ಸುಲಭವಲ್ಲ. ನಡುಗಡಲಿಗಿಂತ ಅಪಾಯ ಹೆಚ್ಚಿರುವುದು ಅಲೆ ಒಡೆಯುವ ಅಂಚಿನಲ್ಲಿ. ಇದನ್ನು ಮಲ್ಪೆಯ ಯಾವ ಮೊಗವೀರರನ್ನು ಕೇಳಿದರೂ ಹೇಳುತ್ತಾರೆ. ದೋಣಿ ಅಡ್ಡ ತಿರುಗಿತೆಂದರೆ ಮಗುಚಿತು, ಹಂದರ ಮುರಿಯಿತು. ಇಳಿಯದೆ ಇರೋಣವೆಂದರೆ ಆ ಸಣ್ಣ ಕಂಡಿಯಲ್ಲಿ ಕುಳಿತು ನಿದ್ದೆ ಮಾಡುವಂತಿಲ್ಲ. ಕಾಲು ಚುಕ್ಕಾಣಿಯ ಮೇಲೆ, ಕಣ್ಣು ಅಲೆಯ ಮೇಲೆ ಇರಲೇಬೇಕು. ಇಳಿದ ಮೇಲೆ ಮರವಿಲ್ಲ, ನೆರಳಿಲ್ಲ. ಎಲ್ಲೋ ಒಂದು ಬೆಸ್ತರ ಗುಡಿಸಲ ಸಾಲು ಕಂಡರೆ ಅಲ್ಲಿ ಬಾವಿಯಿರುತ್ತದೆ. ಆ ಬಾವಿಯ ನೀರು ಅವರಿಗೇ ಸಾಲದು. ಬಂದವನ ಭಾಷೆ ಅವರಿಗೆ ಬಾರದು, ಅವರ ಭಾಷೆ ಇವನಿಗೆ ಬಾರದು. ಅವರು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಈ ಭಾಗದಲ್ಲಿ ಸ್ಪೆಕ್ ಪಟ್ಟ ಪಾಡು ಕಡಮೆಯಲ್ಲ. ಪರ್ಷಿಯಾದಲ್ಲಿ ಅವನ ದೋಣಿಯೇ ಕಳುವಾಯಿತು. ಕೈಬೆಚ್ಚಗೆ ಮಾಡಿ ಅದನ್ನು ಬಿಡಿಸಿಕೊಳ್ಳಬೇಕಾಯಿತು. ಮಲೇರಿಯಾ ಹಿಡಿಯಿತು. ಉಪ್ಪು, ಬಿಸಿಲು, ಬಂಡೆಗಳಿಗೆ ರಬ್ಬರು ಬಟ್ಟೆ ತಡೆಯದು. ಜರ್ಮನಿಯಿಂದ ಬೇರೆ ದೋಣಿ ತರಿಸಿಕೊಂಡು ಮುಂದೆ ಹೊರಟ. ಇಷ್ಟಾದರೂ ಅವನು ಆ ತೀರವನ್ನು ದಾಟಿ ಜೀವಸಹಿತ ಕರಾಚಿಗೆ ಬಂದ. ತೋಳಿನ ಬಲವೊಂದರಿಂದಲೇ ಬಂದನೆಂದು ನಾನು ನಂಬುವುದಿಲ್ಲ. ತೋಳು ದೋಣಿಯನ್ನು ನೂಕೀತು, ನೀರನ್ನು ಹುಟ್ಟಿಸಲಾರದು. ಬಾವಿಯುಳ್ಳವರು ಕೊಡ ಬಗ್ಗಿಸಿದ್ದರಿಂದ ಬಂದ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಕರಾಚಿಯಿಂದ ಮುಂದಕ್ಕೆ ಮುಂಬಯಿ. ಅಲ್ಲಿಂದ ಪಶ್ಚಿಮ ಕರಾವಳಿಯ ಗುಂಟ ದಕ್ಷಿಣಕ್ಕೆ. ಮಳೆಗಾಲ ಕವಿಯುವ ಮೊದಲು, 1935ರ ಮೇ ತಿಂಗಳಲ್ಲಿ, ಸಿಂಹಳವನ್ನು ಮುಟ್ಟಿದ. ಅಂದ ಮೇಲೆ ಕಾರವಾರ, ಹೊನ್ನಾವರ, ಭಟ್ಕಳ, ಮಲ್ಪೆ, ಮಂಗಳೂರುಗಳ ಮುಂದೆ ಆ ಪುಟ್ಟ ದೋಣಿ ಹಾದುಹೋಗಲೇಬೇಕಷ್ಟೆ. ತಿಂಗಳುಗಟ್ಟಲೆ ಕಂದು ಬಣ್ಣದ ದಡವನ್ನೇ ಎಡಕ್ಕಿಟ್ಟುಕೊಂಡು ಬಂದ ಕಣ್ಣಿಗೆ ತೆಂಗಿನ ಸಾಲೂ ಅದರ ಹಿಂದಿನ ಹಸಿರು ಬೆಟ್ಟವೂ ಕಾಣಿಸಿದಾಗ ಹೇಗಿದ್ದಿರಬೇಡ! ಕಾಳಿ, ಗಂಗಾವಳಿ, ಶರಾವತಿ, ನೇತ್ರಾವತಿ. ಎರಡು ದಿನಕ್ಕೊಂದು ಸಿಹಿನೀರಿನ ಅಳಿವೆ. ನಾವು ದಿನವೂ ನೋಡುವುದನ್ನು ನೋಡುವುದೇ ಇಲ್ಲ. ಮರಳುಗಾಡನ್ನು ದಾಟಿ ಬಂದವನಿಗೆ ಕೇಳಬೇಕು, ಹೊಳೆಯೆಂದರೇನು ಎಂದು.

ಮುಂದಿನ ಕಥೆಯನ್ನು ಸಂಕ್ಷೇಪಿಸುತ್ತೇನೆ. ಮದರಾಸು, ಕಲಕತ್ತೆ, ಬರ್ಮಾ, ಸಿಂಗಪುರ, ಜಾವಾ. ದಾರಿಯಲ್ಲಿ ಉಪನ್ಯಾಸ ಮಾಡಿ, ತಾನು ತೆಗೆದ ಚಿತ್ರಗಳನ್ನು ತೋರಿಸಿ ಖರ್ಚು ನಿಭಾಯಿಸಿದ. ಈಗಿನ ಇಂಡೊನೇಷ್ಯಕ್ಕೆ ಸೇರಿದ ಲಾಕೋರ್ ದ್ವೀಪದಲ್ಲಿ ಸುಮಾರು ಇಪ್ಪತ್ತು ಮಂದಿ ರಾತ್ರಿ ಮೇಲೆ ಬಿದ್ದು, ಕೈಕಾಲು ಕಟ್ಟಿ ಹೊಡೆದರು. ಕಿವಿಯ ತಮಟೆ ಒಡೆಯಿತು. ಕಟ್ಟು ಬಿಡಿಸಿಕೊಂಡು ದೋಣಿ ಹತ್ತಿ ಪಾರಾದ. ಎಲ್ಲ ದಡದಲ್ಲೂ ನೀರೇ ಸಿಕ್ಕಿತೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. 1939ರ ಸೆಪ್ಟೆಂಬರಿನಲ್ಲಿ, ಹೊರಟ ಏಳು ವರ್ಷಗಳ ಮೇಲೆ, ಸುಮಾರು 50,000 ಕಿಲೋಮೀಟರ್ ಕಳೆದು, ಆಸ್ಟ್ರೇಲಿಯಕ್ಕೆ ಸೇರಿದ ಸಾಯಿಬಾಯಿ ಎಂಬ ಸಣ್ಣ ದ್ವೀಪದಲ್ಲಿ ಕಾಲಿಟ್ಟ. ದಡದಲ್ಲಿ ಪೊಲೀಸರು ನಿಂತಿದ್ದರು. ಕೈಕುಲುಕಿ ಅಭಿನಂದಿಸಿದರು, ಬಳಿಕ ಬಂಧಿಸಿದರು. ಆಗಷ್ಟೇ ಮಹಾಯುದ್ಧ ಶುರುವಾಗಿತ್ತು, ಇವನು ಶತ್ರುದೇಶದ ಪ್ರಜೆ.

ಒಂದು ಸಂಗತಿಯನ್ನು ಮುಚ್ಚಿಡಬಾರದು. ಅವನು ಹೊರಟಾಗ ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬಂದಿರಲಿಲ್ಲ. ಆದರೆ ಕೊನೆಗೆ ದಡ ಮುಟ್ಟಿದಾಗ ದೋಣಿಯ ಮೇಲೆ ಸ್ವಸ್ತಿಕದ ಪುಟ್ಟ ಬಾವುಟವಿತ್ತು. ಅದು ಆಗಿನ ಅವನ ದೇಶದ ಬಾವುಟ. ಅದರ ಕೆಳಗೆ ನಡೆದ ಘೋರವನ್ನು ಜಗತ್ತು ಬಲ್ಲದು. ಅವನ ಮನಸ್ಸಿನಲ್ಲಿ ಆ ಬಟ್ಟೆಯ ತುಂಡಿಗೆ ಎಷ್ಟು ಸ್ಥಾನವಿತ್ತೆಂದು ಇಂದಿಗೂ ಚರ್ಚೆಯುಂಟು. ಊರೂರಿನ ಬಾವಿಯ ನೀರು ಕುಡಿದು ಬಂದವನ ದೋಣಿಗೆ ಅಂಥ ಬಾವುಟ ಒಪ್ಪುವುದಿಲ್ಲ ಎಂದಷ್ಟೇ ನಾನು ಹೇಳಬಲ್ಲೆ. ಸಾಹಸಿಯನ್ನು ಮೆಚ್ಚುವುದೆಂದರೆ ಅವನ ಎಲ್ಲವನ್ನೂ ಮೆಚ್ಚುವುದೆಂದಲ್ಲ.

ಯುದ್ಧ ಮುಗಿದು 1946ರಲ್ಲಿ ಬಿಡುಗಡೆಯಾಯಿತು. ಮುಂದೆ ಓಪಲ್ ಎಂಬ ಬಣ್ಣದ ಕಲ್ಲಿನ ಗಣಿ ಕೆಲಸ, ವ್ಯಾಪಾರ. ಅವನ ಕಾಗದಪತ್ರಗಳೂ ಚಿತ್ರಗಳೂ ಸಿಡ್ನಿಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಸ್ಯಾಂಡಿ ರಾಬ್ಸನ್ ಎಂಬ ಆಸ್ಟ್ರೇಲಿಯದ ಮಹಿಳೆ 2011ರಲ್ಲಿ ಹೊರಟು ಅವನ ದಾರಿಯನ್ನೇ ಹಿಡಿದು, ನಮ್ಮ ದೇಶದ ಕರಾವಳಿಯಲ್ಲೂ ಹುಟ್ಟು ಹಾಕಿ, 2016ರಲ್ಲಿ ಅದೇ ಸಾಯಿಬಾಯಿಯನ್ನು ತಲುಪಿದರು. ಆದರೆ ಸಿರಿಯಾ, ಇರಾಕ್, ಇರಾನ್, ಪಾಕಿಸ್ತಾನಗಳ ಭಾಗವನ್ನು ಅವರು ಬಿಟ್ಟುಬಿಡಬೇಕಾಯಿತು. ಅಲ್ಲಿನ ಪರಿಸ್ಥಿತಿ ಹಾಗಿತ್ತು. ಸ್ಪೆಕ್ ದಾಟಿದ ಮರಳುಗಾಡಿನ ತೀರ ಅವರಿಗೆ ಮುಚ್ಚಿದ ಬಾಗಿಲಾಯಿತು. ಮನುಷ್ಯರು ನೀರು ಕೊಡುವ ಕಡೆ ದಾರಿಯುಂಟು, ಕತ್ತಿ ಹಿಡಿದ ಕಡೆ ದಾರಿಯಿಲ್ಲ. ದಡ ಯಾವುದಾದರೂ ಆಗಲಿ.

ಇಷ್ಟು ಹೇಳಿ ನಾನು ಸುಮ್ಮನಾದೆ. ಹುಡುಗ ತಲೆಯೆತ್ತಿ, "ಅವನೂ ಕೆಲಸ ಹೋದ ಮೇಲೆ ಹೊರಟವನೇ ಅಲ್ಲವಾ ಸಾರ್?" ಎಂದ. "ಹೌದಪ್ಪ. ಆದರೆ ಒಂದನ್ನು ಗಮನಿಸು. ನಾಲ್ಕು ದಿನದ ನೀರನ್ನು ಮೊದಲು ಅಳೆದುಕೊಂಡವನಿಗೆ ಮಾತ್ರ ಐದನೆಯ ದಿನ ಯಾರಾದರೂ ಕೊಡುವ ನೀರು ಉಪಯೋಗಕ್ಕೆ ಬರುತ್ತದೆ. ಹೋಗುವುದಾದರೆ ಅಳೆದುಕೊಂಡು ಹೋಗು. ಕಾಗದಪತ್ರ ಸರಿಯಾಗಿ ಓದಿ ರುಜು ಹಾಕು. ಹಿಂದಿರುಗುವ ಟಿಕೆಟಿನ ದುಡ್ಡು ಕೈಯಲ್ಲಿರಲಿ. ಹೋದ ಕಡೆ ಮೊದಲು ಜನರನ್ನು ಹುಡುಕಿಕೊ, ಆಮೇಲೆ ದುಡ್ಡು" ಎಂದೆ.

ಆಗ ತಾಯಿ ಬಾಯಿಬಿಟ್ಟಳು. "ಮೇಷ್ಟ್ರೇ, ಆವಯ್ಯ ಮತ್ತೆ ಊರ್ಗೆ ಬಂದ್ನಾ?"

ಇಡೀ ಕಥೆಯಲ್ಲಿ ಅವಳಿಗೆ ಬೇಕಾಗಿದ್ದುದು ಅಷ್ಟೇ. ಸುಳ್ಳು ಹೇಳುವುದು ಆ ಹೊತ್ತಿಗೆ ಸುಲಭವಾಗಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾಲಿಗೆ ಒಪ್ಪಲಿಲ್ಲ. "ಇಲ್ಲಮ್ಮ, ಅಲ್ಲೇ ನೆಲೆಸಿದ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಕಡೆ ತಿರುಗಿ, "ನೀನು ಬರ್ಬೇಕು ಕಣಪ್ಪ" ಎಂದಳು. ಹೋಗಬೇಡ ಎನ್ನಲಿಲ್ಲ. ನಾನು ಮಾಡಲಾರದ ತೀರ್ಮಾನವನ್ನು ಆಕೆ ಮಾಡಿದ್ದಳು.

ಅವರು ಹೊರಟು ನಿಂತಾಗ ನನ್ನ ಮನೆಯವಳು ಇಬ್ಬರಿಗೂ ಒಂದೊಂದು ಲೋಟ ನೀರೂ ಬೆಲ್ಲದ ಚೂರೂ ತಂದುಕೊಟ್ಟಳು. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹೋಗುವವರಿಗೆ ಕೊಡುವುದು ವಾಡಿಕೆಯಲ್ಲ. ಅಂದು ಮಾತ್ರ ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ.

ನಿಮ್ಮ ಮನೆಯ ಮುಂದೆ ಹಾದುಹೋಗುವ ಅಪರಿಚಿತ ಯಾವ ಮರಳುಗಾಡನ್ನು ದಾಟಿ ಬಂದಿದ್ದಾನೋ ನಮಗೆ ತಿಳಿಯದು. ನಿಮ್ಮ ಮಗನೋ ಮಗಳೋ ನಾಳೆ ಯಾರ ಬಾಗಿಲ ಮುಂದೆ ನಿಲ್ಲುತ್ತಾರೋ ಅದೂ ತಿಳಿಯದು. ಒಂದು ಚೊಂಬು ನೀರು ಸಿದ್ಧವಾಗಿರಲಿ.